ನಾಲ್ಕೂ ಮುಕ್ಕಾಲರ ಗಂಟೆ ಮತ್ತು ನಮ್ಮ ಮಕ್ಕಳ ನಿದ್ದೆ

ಮಾನ್ಯ ಸಂಪಾದಕರೇ,

ಪರೀಕ್ಷೆಯ ದಿನಗಳು ಹತ್ತಿರವಾದಂತೆ ಕನ್ನಡ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದು ಬಗೆಯ ಸುದ್ದಿ ವರ್ಷವೂ ತಪ್ಪದೆ ಕಾಣಿಸಿಕೊಳ್ಳುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಸುಧಾರಿಸಬೇಕೆಂದು ಶಿಕ್ಷಕರು ಬೆಳಗಿನ ಜಾವವೇ ಮಕ್ಕಳ ಮನೆಗಳಿಗೆ ಫೋನ್ ಮಾಡಿ ಎಬ್ಬಿಸುತ್ತಾರೆ, ಕೆಲವೆಡೆ ಮನೆ ಮನೆಗೆ ಹೋಗಿ ಬಾಗಿಲು ತಟ್ಟುತ್ತಾರೆ ಎಂಬುದು ಆ ಸುದ್ದಿಯ ಸಾರ. ತಮ್ಮ ನಿದ್ದೆಯನ್ನೂ ಬಿಟ್ಟು ಬರುವ ಆ ಶಿಕ್ಷಕರ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ. ಆದರೆ ಅಂಥ ವರದಿಗಳಲ್ಲಿ ಒಂದು ವಿವರವನ್ನು ನಾನು ಇದುವರೆಗೆ ಕಂಡಿಲ್ಲ. ಐದು ಗಂಟೆಗೆ ಎದ್ದು ಪುಸ್ತಕ ಹಿಡಿದ ಆ ಹುಡುಗ ಅಥವಾ ಹುಡುಗಿ ಹಿಂದಿನ ರಾತ್ರಿ ಮಲಗಿದ್ದು ಎಷ್ಟು ಹೊತ್ತಿಗೆ ಎಂಬುದನ್ನು ಯಾರೂ ಬರೆಯುವುದಿಲ್ಲ.

ಈ ಪ್ರಶ್ನೆಯನ್ನು ಕೇಳುವ ಹಕ್ಕು ನನಗೆ ಎಷ್ಟರಮಟ್ಟಿಗೆ ಇದೆಯೋ ತಿಳಿಯದು, ಏಕೆಂದರೆ ಮಕ್ಕಳನ್ನು ಎಬ್ಬಿಸುವ ಕೆಲಸವನ್ನು ನಾನೇ ಆರು ವರ್ಷ ಮಾಡಿದ್ದೇನೆ. ಕರಾವಳಿಯ ಒಂದು ವಸತಿ ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರದ ಉಪನ್ಯಾಸಕನಾಗಿದ್ದಾಗ ಹುಡುಗರ ಹಾಸ್ಟೆಲಿನ ವಾರ್ಡನ್ ಜವಾಬ್ದಾರಿಯೂ ನನ್ನ ಮೇಲಿತ್ತು. ಊಟದ ಹಾಲಿನ ಗೋಡೆಗೆ ಅಂಟಿಸಿದ್ದ ದಿನಚರಿಯಂತೆ ಬೆಳಿಗ್ಗೆ 4.45ಕ್ಕೆ ಎದ್ದೇಳುವ ಗಂಟೆ, 5.15ಕ್ಕೆ ಸ್ಟಡಿ, 8ಕ್ಕೆ ತರಗತಿ, ಸಂಜೆ ಒಂದು ಗಂಟೆ ಆಟ, ಮತ್ತೆ ಸ್ಟಡಿ, ಊಟ, ಮತ್ತೆ ಸ್ಟಡಿ, 10.45ಕ್ಕೆ ದೀಪ ಆರಿಸುವುದು. ಭಾನುವಾರ ಬೆಳಿಗ್ಗೆ ನೀಟ್ ಅಥವಾ ಜೆಇಇ ಮಾದರಿಯ ಪರೀಕ್ಷೆ ಇರುತ್ತಿದ್ದುದರಿಂದ ಆ ದಿನವೂ ರಿಯಾಯಿತಿ ಇರಲಿಲ್ಲ. ಕಾಗದದ ಲೆಕ್ಕದಲ್ಲಿಯೇ ನಿದ್ದೆಗೆ ಆರು ಗಂಟೆ. ದೀಪ ಆರಿದ ಮೇಲೆ ಹದಿನಾರು ವರ್ಷದ ನಾಲ್ವರು ಹುಡುಗರು ಒಂದೇ ಕೋಣೆಯಲ್ಲಿ ಎಷ್ಟು ಹೊತ್ತು ಮಾತಾಡುತ್ತಾರೆ ಎಂಬುದನ್ನು ಬಲ್ಲವರು ಅದರಿಂದ ಇನ್ನೂ ಅರ್ಧ ಗಂಟೆ ಕಳೆಯಬಹುದು.

ಬೆಳಿಗ್ಗೆ ಗಂಟೆ ಬಾರಿಸಿ ಕೋಣೆ ಕೋಣೆಗೂ ಹೋಗಿ ಹೊದಿಕೆ ಎಳೆಯುವುದು, ಏಳದವರ ಮುಖಕ್ಕೆ ನೀರು ಚಿಮುಕಿಸುವುದು ನನ್ನ ಕೆಲಸವಾಗಿತ್ತು. ಸ್ಟಡಿ ಹಾಲಿನಲ್ಲಿ ತೂಕಡಿಸುವವರನ್ನು ನಿಲ್ಲಿಸುತ್ತಿದ್ದೆವು. ನಿಂತೇ ನಿದ್ದೆ ಹೋಗಿ ಮುಂದಿನ ಬೆಂಚಿನ ಮೇಲೆ ಬಿದ್ದವರಿದ್ದರು. ಬಕೆಟ್ಟಿನಲ್ಲಿ ತಣ್ಣೀರು ತುಂಬಿ ಅದರಲ್ಲಿ ಕಾಲಿಟ್ಟುಕೊಂಡು ಓದುವವರಿದ್ದರು. ಸ್ನಾನದ ಮನೆಯ ಚಿಲಕ ಹಾಕಿಕೊಂಡು ಗೋಡೆಗೊರಗಿ ಹತ್ತು ನಿಮಿಷ ಕದಿಯುತ್ತಿದ್ದವರೂ ಇದ್ದರು. ಆಗ ಇವೆಲ್ಲ ನಮಗೆ ಸ್ಟಾಫ್ ರೂಮಿನಲ್ಲಿ ಹೇಳಿ ನಗುವ ಕತೆಗಳಾಗಿದ್ದವು.

ನನ್ನನ್ನು ಯೋಚನೆಗೆ ಹಚ್ಚಿದ್ದು ಒಂದು ಸಣ್ಣ ಸಂಗತಿ. ಮಕ್ಕಳ ನೋಟ್ ಪುಸ್ತಕಗಳನ್ನು ತಿದ್ದುವಾಗ ಮೊದಲ ಅವಧಿಯ ಪಾಠಗಳ ಪುಟಗಳಲ್ಲಿ ಅಲ್ಲಲ್ಲಿ ಒಂದು ವಿಚಿತ್ರ ಗೆರೆ ಕಾಣುತ್ತಿತ್ತು. ನೆಟ್ಟಗೆ ಸಾಗುತ್ತಿದ್ದ ಸಾಲಿನ ಒಂದು ಪದ ಅರ್ಧಕ್ಕೆ ನಿಂತು, ಅಕ್ಷರ ಕರಗಿದಂತಾಗಿ, ಪೆನ್ನಿನ ಗೆರೆ ಓರೆಯಾಗಿ ಪುಟದ ಕೆಳಗೆ ಇಳಿದಿರುತ್ತಿತ್ತು. ಬರೆಯುತ್ತಿದ್ದ ಕೈ ನಿದ್ದೆಗೆ ಜಾರಿದ ಕ್ಷಣದ ಗುರುತು ಅದು. ಒಂದು ತರಗತಿಯ ಅರ್ಧದಷ್ಟು ಪುಸ್ತಕಗಳಲ್ಲಿ ಈ ಬಾಲ ಕಂಡ ದಿನ, ನರಮಂಡಲದ ಪಾಠವನ್ನು ನರಮಂಡಲ ಮುಚ್ಚಿಕೊಂಡಿದ್ದ ಮಕ್ಕಳಿಗೆ ನಾನು ಮಾಡುತ್ತಿದ್ದೇನೆ ಎಂಬ ನಾಚಿಕೆ ಮೊದಲ ಬಾರಿಗೆ ನನಗಾಯಿತು.

ಹದಿಹರೆಯದವರಿಗೆ ಎಷ್ಟು ನಿದ್ದೆ ಬೇಕು ಎಂಬುದರಲ್ಲಿ ವೈದ್ಯಲೋಕಕ್ಕೆ ದೊಡ್ಡ ಭಿನ್ನಾಭಿಪ್ರಾಯವಿಲ್ಲ. ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2016ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆಯ ನಿದ್ದೆ ಅಗತ್ಯ. ನಮ್ಮ ಹಾಸ್ಟೆಲಿನ ಆರು ಗಂಟೆಯನ್ನು ಎಂಟೂವರೆಯ ಪಕ್ಕದಲ್ಲಿಟ್ಟು ನೋಡಿ. ದಿನಕ್ಕೆ ಎರಡೂವರೆ ಗಂಟೆಯಂತೆ ವಾರಕ್ಕೆ ಹದಿನೇಳೂವರೆ ಗಂಟೆ ಕೊರತೆ ಬೀಳುತ್ತದೆ, ಅಂದರೆ ವಾರದಲ್ಲಿ ಎರಡು ರಾತ್ರಿ ಆ ಹುಡುಗ ಮಲಗಲೇ ಇಲ್ಲ ಎಂದು ಹೇಳಿದಷ್ಟೇ ಆಗುತ್ತದೆ. ಯಾವುದಾದರೂ ಕಾಲೇಜು ತನ್ನ ಪ್ರಚಾರ ಪತ್ರದಲ್ಲಿ ‘ವಾರಕ್ಕೆ ಎರಡು ರಾತ್ರಿ ಜಾಗರಣೆ’ ಎಂದು ಅಚ್ಚು ಹಾಕಿಸಿದರೆ ಯಾವ ತಾಯಿತಂದೆಯೂ ಮಕ್ಕಳನ್ನು ಅಲ್ಲಿಗೆ ಕಳುಹಿಸಲಾರರು. ಅದನ್ನೇ ‘ಬೆಳಿಗ್ಗೆ 4.45ರಿಂದ ಶಿಸ್ತುಬದ್ಧ ಅಧ್ಯಯನ’ ಎಂದು ಬರೆದರೆ ಮುಂಗಡ ಕಟ್ಟಿ ಸೀಟು ಕಾಯ್ದಿರಿಸುತ್ತಾರೆ.

‘ಬೇಗ ಮಲಗಲಿ, ಬೇಗ ಏಳಲಿ, ಅಷ್ಟೇ ತಾನೇ’ ಎಂದು ಹಿರಿಯರು ಕೇಳುವುದುಂಟು. ಆದರೆ ಈ ವಯಸ್ಸಿನ ದೇಹ ಅದಕ್ಕೆ ಸಹಕರಿಸುವುದಿಲ್ಲ. ನಮ್ಮ ಮಿದುಳಿನಲ್ಲಿ ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲ್ಗಡೆಯೇ ಒಂದು ಪುಟ್ಟ ನರಕೋಶಗಳ ಗುಂಪಿದ್ದು, ಅದು ದೇಹದ ಗಡಿಯಾರದಂತೆ ಕೆಲಸ ಮಾಡುತ್ತದೆ. ಇಂಥ ಗಡಿಯಾರ ಜೀವಕೋಶದೊಳಗೆ ಹೇಗೆ ಓಡುತ್ತದೆ ಎಂಬುದನ್ನು ಬಿಡಿಸಿ ತೋರಿಸಿದ ಮೂವರು ವಿಜ್ಞಾನಿಗಳಿಗೆ 2017ರ ವೈದ್ಯಕೀಯ ನೊಬೆಲ್ ದೊರೆಯಿತು. ಕತ್ತಲಾದ ಮೇಲೆ ಮೆಲಟೋನಿನ್ ಎಂಬ ಹಾರ್ಮೋನು ಏರಿ ನಿದ್ದೆಯ ಹೊತ್ತಾಯಿತೆಂದು ದೇಹಕ್ಕೆ ತಿಳಿಸುತ್ತದೆ. ಪ್ರಾಯಕ್ಕೆ ಬರುವ ಹೊತ್ತಿಗೆ ಈ ಏರಿಕೆ ಒಂದರಿಂದ ಎರಡು ಗಂಟೆ ತಡವಾಗುತ್ತದೆ. ಅದರ ಜೊತೆಗೆ, ಎಚ್ಚರವಿದ್ದಷ್ಟೂ ಹೆಚ್ಚುತ್ತಾ ಹೋಗುವ ನಿದ್ದೆಯ ಒತ್ತಡವೂ ಚಿಕ್ಕ ಮಕ್ಕಳಿಗಿಂತ ಇವರಲ್ಲಿ ನಿಧಾನವಾಗಿ ತುಂಬುತ್ತದೆ. ಹತ್ತು ವರ್ಷದ ತಂಗಿ ಒಂಬತ್ತಕ್ಕೆಲ್ಲ ಊಟದ ತಟ್ಟೆಯ ಮುಂದೆಯೇ ತೂಕಡಿಸಿದರೆ ಹದಿನಾರರ ಅಣ್ಣನಿಗೆ ಹನ್ನೊಂದಾದರೂ ಕಣ್ಣು ಎಳೆಯದಿರುವುದು ಈ ಕಾರಣಕ್ಕೆ. ಇದು ಸೋಮಾರಿತನವೂ ಅಲ್ಲ, ಮೊಂಡುತನವೂ ಅಲ್ಲ. ಇಪ್ಪತ್ತರ ಆಸುಪಾಸಿನಲ್ಲಿ ಗಡಿಯಾರ ತಾನಾಗಿಯೇ ಮತ್ತೆ ಬೇಗದ ಹೊತ್ತಿಗೆ ಮರಳಲು ತೊಡಗುತ್ತದೆ. ಹನ್ನೊಂದಕ್ಕೆ ನಿದ್ದೆ ಬರುವ ದೇಹ ಏಳಕ್ಕೋ ಏಳೂವರೆಗೋ ಏಳಬೇಕಾದದ್ದು ಸಹಜ. ನಾವು ಅದನ್ನು ಮಧ್ಯರಾತ್ರಿಯಂತಿರುವ ಹೊತ್ತಿನಲ್ಲಿ ಎಬ್ಬಿಸಿ, ಕುಂಭಕರ್ಣನೆಂದು ಬೈಯುತ್ತೇವೆ.

ಕರಾವಳಿಯ ಮಟ್ಟಿಗೆ ಇನ್ನೊಂದು ಸೂಕ್ಷ್ಮವಿದೆ, ಇದನ್ನು ಯಾರೂ ಗಮನಿಸಿದಂತಿಲ್ಲ. ನಮ್ಮ ಗೋಡೆ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಸಮಯದಲ್ಲಿ. ಮಂಗಳೂರು, ಉಡುಪಿಗಳಿರುವುದು 75 ಡಿಗ್ರಿಯ ಹತ್ತಿರ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ನಮ್ಮಲ್ಲಿ ಗಡಿಯಾರಕ್ಕಿಂತ ಅರ್ಧ ಗಂಟೆ ಹಿಂದಿರುತ್ತಾನೆ, ಬೆಂಗಳೂರಿನಲ್ಲಿ ಇಪ್ಪತ್ತು ನಿಮಿಷ. ದೇಹದ ಗಡಿಯಾರ ಹೊಂದಿಕೊಳ್ಳುವುದು ಸೂರ್ಯನ ಬೆಳಕಿಗೆ, ಗೋಡೆಯ ಮೇಲಿನ ಮುಳ್ಳಿಗಲ್ಲ. ಹಾಗಾಗಿ ನಾನು ಬಾರಿಸುತ್ತಿದ್ದ 4.45ರ ಗಂಟೆ ಆ ಮಕ್ಕಳ ಪಾಲಿಗೆ ನಿಜವಾಗಿ 4.15ರ ಗಂಟೆ.

ಬ್ರಾಹ್ಮೀ ಮುಹೂರ್ತದಲ್ಲಿ ಓದಿದ್ದು ತಲೆಯಲ್ಲಿ ನಿಲ್ಲುತ್ತದೆ ಎಂಬ ಮಾತನ್ನು ನಾನೂ ನೂರಾರು ಸಲ ಹೇಳಿದ್ದೇನೆ. ಆ ಮುಹೂರ್ತದ ಲೆಕ್ಕ ಹಾಕಿದವನಿಗೆ ಸಿಗುವ ಉತ್ತರ ಬೇರೆ. ಅದು ಆರಂಭವಾಗುವುದು ಸೂರ್ಯೋದಯಕ್ಕೆ 96 ನಿಮಿಷ ಮೊದಲು. ಜನವರಿಯಲ್ಲಿ ಕರಾವಳಿಯಲ್ಲಿ ಸೂರ್ಯ ಮೂಡುವುದು ಹೆಚ್ಚುಕಡಿಮೆ ಏಳಕ್ಕೆ, ಅಂದರೆ ಬ್ರಾಹ್ಮೀ ಮುಹೂರ್ತ ಹುಟ್ಟುವುದೇ 5.20ರ ಸುಮಾರಿಗೆ, ನಮ್ಮ ಹಾಸ್ಟೆಲಿನ ಗಂಟೆ ಆ ಶಾಸ್ತ್ರಕ್ಕಿಂತಲೂ ಅರ್ಧ ಗಂಟೆ ಮುಂದೆ ಓಡುತ್ತಿತ್ತು. ಅಷ್ಟೇ ಅಲ್ಲ, ಆ ಹೊತ್ತಿಗೆ ಏಳುತ್ತಿದ್ದ ನಮ್ಮ ಅಜ್ಜಂದಿರು ರಾತ್ರಿ ಎಂಟೂವರೆಗೆ ಚಾಪೆ ಬಿಡಿಸುತ್ತಿದ್ದರು. ‘ನಾವು ನಾಲ್ಕಕ್ಕೆ ಎದ್ದು ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಓದಲಿಲ್ಲವೇ’ ಎನ್ನುವ ನನ್ನ ತಲೆಮಾರಿನವರಿಗೆ ನೆನಪಿಸಬೇಕಾದದ್ದೂ ಅದೇ. ರೇಷನ್ನಿನ ಸೀಮೆಎಣ್ಣೆಯನ್ನು ರಾತ್ರಿ ಹನ್ನೊಂದರ ತನಕ ಉರಿಸಲು ನಮ್ಮ ಅಪ್ಪಂದಿರು ಬಿಡುತ್ತಿರಲಿಲ್ಲ. ನಾವು ಬೇಗ ಎದ್ದೆವು, ಆದರೆ ನಿದ್ದೆಗೆಟ್ಟು ಏಳಲಿಲ್ಲ.

ಶಾಲೆಗಳ ಗೋಡೆಯ ಮೇಲೆ ಬರೆಸುವ ಆ ಹಳೆಯ ಸುಭಾಷಿತವನ್ನೂ ಇಲ್ಲಿ ಹೇಳಿಬಿಡುತ್ತೇನೆ. ಕಾಗೆಯ ಚುರುಕು, ಕೊಕ್ಕರೆಯ ಏಕಾಗ್ರತೆಯ ಜೊತೆಗೆ ‘ಶ್ವಾನನಿದ್ರಾ’ ಎಂಬುದನ್ನೂ ಅದು ವಿದ್ಯಾರ್ಥಿಯ ಲಕ್ಷಣಗಳಲ್ಲಿ ಸೇರಿಸುತ್ತದೆ. ನಾಯಿಯ ನಿದ್ದೆ ಸದ್ದಾದರೆ ಎಚ್ಚರವಾಗುವ ನಿದ್ದೆ, ನಿಜ. ಆದರೆ ಅಂಗಳದ ನಾಯಿಯನ್ನು ಒಂದು ದಿನ ನೋಡಿದವರಿಗೆ ಅದು ಹಗಲು ರಾತ್ರಿ ಸೇರಿ ಹತ್ತು ಗಂಟೆಗೂ ಮೀರಿ ಮಲಗುತ್ತದೆ ಎಂಬುದು ಗೊತ್ತು. ಆ ಭಾಗ್ಯವನ್ನು ನಾವು ವಿದ್ಯಾರ್ಥಿಗಳಿಗೆ ಕೊಟ್ಟಿಲ್ಲ.

ನಿದ್ದೆ ಕಡಿಮೆಯಾದರೆ ಓದುವ ಸಮಯ ಹೆಚ್ಚಾಯಿತು ಎಂಬ ಲೆಕ್ಕದಲ್ಲಿಯೇ ಮೂಲ ತಪ್ಪಿದೆ. ಹಗಲು ಕಲಿತದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲಿ. ರಾತ್ರಿಯ ಮೊದಲ ಭಾಗದಲ್ಲಿ ಗಾಢ ನಿದ್ದೆ ಹೆಚ್ಚು. ಕಣ್ಣಗುಡ್ಡೆಗಳು ರೆಪ್ಪೆಯೊಳಗೆ ಓಡಾಡುವ, ಕನಸುಗಳು ದಟ್ಟವಾಗಿರುವ ನಿದ್ದೆ ಬೆಳಗಿನ ಜಾವದ ಕಡೆಗೆ ಹೆಚ್ಚು. ಮನಸ್ಸಿನ ಭಾವನೆಗಳನ್ನು ಹದಕ್ಕೆ ತರುವುದರಲ್ಲಿ ಈ ಎರಡನೆಯದಕ್ಕೆ ಮುಖ್ಯ ಪಾತ್ರವಿದೆ ಎಂದು ಹೇಳಲಾಗುತ್ತದೆ. ಎಂಟು ಗಂಟೆಯ ನಿದ್ದೆಯಲ್ಲಿ ಕೊನೆಯ ಎರಡು ಗಂಟೆ ಕತ್ತರಿಸಿದರೆ ಎಲ್ಲ ಬಗೆಯ ನಿದ್ದೆಯೂ ಕಾಲುಭಾಗ ಕಡಿಮೆಯಾಗುವುದಿಲ್ಲ, ಬೆಳಗಿನ ಜಾವದ್ದೇ ಬಹುಪಾಲು ಹೋಗುತ್ತದೆ. ಸಣ್ಣ ಮಾತಿಗೆ ಸಿಡಿಯುವ, ಮಾರ್ಕು ಒಂದು ಕಡಿಮೆಯಾದರೆ ಲೋಕವೇ ಮುಳುಗಿತೆಂದು ಕುಸಿಯುವ ಮಕ್ಕಳನ್ನು ನಾವು ‘ಈಗಿನ ಕಾಲದವರಿಗೆ ತಾಳ್ಮೆಯಿಲ್ಲ’ ಎಂದು ತಳ್ಳಿಹಾಕುತ್ತೇವೆ. ಮೇಲೆ ಹೇಳಿದ 2016ರ ಶಿಫಾರಸು ಹದಿಹರೆಯದವರ ನಿದ್ದೆಯ ಕೊರತೆಗೂ ತಮಗೆ ತಾವೇ ಹಾನಿ ಮಾಡಿಕೊಳ್ಳುವ ಯೋಚನೆಗಳಿಗೂ ನಂಟಿದೆ ಎಂದು ಸ್ಪಷ್ಟವಾಗಿ ಎಚ್ಚರಿಸುತ್ತದೆ. ಹಾಸ್ಟೆಲುಗಳಿಗೆ ಆಪ್ತ ಸಮಾಲೋಚಕರನ್ನು ನೇಮಿಸುವುದು, ನಿಮ್ಹಾನ್ಸ್ ಮುಂದಾಳತ್ವದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಗೋಡೆಗೆ ಅಂಟಿಸುವುದು ಒಳ್ಳೆಯದೇ. ಅದೇ ಗೋಡೆಯ ಮೇಲಿರುವ ದಿನಚರಿಯನ್ನೂ ಒಮ್ಮೆ ನೋಡಬೇಕು.

‘ನನಗೆ ಅಭ್ಯಾಸವಾಗಿದೆ ಸರ್, ಆರು ಗಂಟೆ ಸಾಕು’ ಎಂದು ಎಷ್ಟೋ ಹುಡುಗರು ನನ್ನೆದುರು ಹೇಳಿದ್ದರು, ನಾನೂ ನಂಬಿದ್ದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಆರೋಗ್ಯವಂತ ವಯಸ್ಕರನ್ನು ಎರಡು ವಾರ ಕಾಲ ದಿನಕ್ಕೆ ಆರೇ ಗಂಟೆ ಮಲಗಿಸಿ ಅವರ ಗಮನಶಕ್ತಿಯನ್ನು ಅಳೆಯುತ್ತಾ ಹೋದರು. ಕೊನೆಗೆ ಅವರ ಸ್ಥಿತಿ ಇಡೀ ರಾತ್ರಿಗಳನ್ನು ನಿದ್ದೆಯಿಲ್ಲದೆ ಕಳೆದವರ ಸ್ಥಿತಿಗೆ ಸಮನಾಗಿತ್ತು. ಆದರೆ ತಮಗೆ ಅಷ್ಟೇನೂ ತೊಂದರೆಯಾಗಿಲ್ಲ ಎಂದೇ ಅವರು ಭಾವಿಸಿದ್ದರು. ಅಭ್ಯಾಸವಾಗುವುದು ನಿದ್ದೆಯ ಕೊರತೆಯಲ್ಲ, ಮಂಕು. ಆ ಮಂಕಿನಲ್ಲಿ ತಾವು ಮಂಕಾಗಿದ್ದೇವೆ ಎಂಬುದೇ ತಿಳಿಯುವುದಿಲ್ಲ.

ಹಾಸ್ಟೆಲಿನಲ್ಲಿಲ್ಲದೆ ಮನೆಯಿಂದ ಓಡಾಡುವ ಮಕ್ಕಳ ಸಂಗತಿ ಇದಕ್ಕಿಂತ ಸುಖಕರವಾಗಿಲ್ಲ. ಬೆಳಿಗ್ಗೆ ಟ್ಯೂಷನ್, ಹಗಲು ಕಾಲೇಜು, ಸಂಜೆ ಕೋಚಿಂಗ್ ಮುಗಿಸಿ ರಾತ್ರಿ ಒಂಬತ್ತೂವರೆಗೆ ಸ್ಕೂಟರ್ ಏರಿ ಮನೆಗೆ ಹೊರಡುವ ಹುಡುಗರನ್ನು ಯಾವ ಜಿಲ್ಲಾ ಕೇಂದ್ರದಲ್ಲಾದರೂ ನೋಡಬಹುದು. ಹದಿನೇಳು ಗಂಟೆ ಎಚ್ಚರವಿದ್ದವನ ಚುರುಕುತನ ರಕ್ತದಲ್ಲಿ ಶೇ 0.05ರಷ್ಟು ಮದ್ಯ ಇರುವವನ ಮಟ್ಟಕ್ಕೆ ಇಳಿಯುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ನಮ್ಮ ಮೋಟಾರು ವಾಹನ ಕಾಯ್ದೆ ಚಾಲಕನಿಗೆ ಒಪ್ಪುವ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇ 0.03. ನಾಲ್ಕೂವರೆಗೆ ಎದ್ದು ಒಂಬತ್ತೂವರೆಗೆ ಗಾಡಿ ಓಡಿಸುವ ವಿದ್ಯಾರ್ಥಿಯ ಬಾಯಿಗೆ ಪೊಲೀಸರು ಯಂತ್ರ ಹಿಡಿದರೆ ಅದೇನೂ ಸದ್ದು ಮಾಡದು, ಅಷ್ಟೇ ವ್ಯತ್ಯಾಸ. ಇನ್ನು ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಬರುವ ಹೆಣ್ಣುಮಕ್ಕಳು. ಬಸ್ಸು ಏಳು ಗಂಟೆಗೆ ಬಂದರೂ ಅವರ ದಿನ ಆರಂಭವಾಗುವುದು ಅಂಗಳ ಗುಡಿಸಿ, ನೀರು ತುಂಬಿಸಿ, ಕೊಟ್ಟಿಗೆಯ ಕೆಲಸಕ್ಕೆ ಅಮ್ಮನಿಗೆ ಕೈಜೋಡಿಸುವುದರಿಂದ. ಅದೇ ಮನೆಯ ಮಗ ಆರೂವರೆಯ ತನಕ ಮಲಗಿರುತ್ತಾನೆ. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೆಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆಯಿದೆ. ಅದರ ಮೇಲೆ ನಿದ್ದೆಯೂ ಇಲ್ಲವೆಂದರೆ ಕೊನೆಯ ಬೆಂಚಿನಲ್ಲಿ ತಲೆಯಿಟ್ಟು ಮಲಗಿದವಳನ್ನು ಎಬ್ಬಿಸಿ ನಿಲ್ಲಿಸುವ ಮೊದಲು ಉಪನ್ಯಾಸಕ ಎರಡು ಬಾರಿ ಯೋಚಿಸಬೇಕು.

ಇಷ್ಟು ಹೊತ್ತು ಮೊಬೈಲಿನ ಹೆಸರೆತ್ತಲಿಲ್ಲವೆಂದು ಓದುಗರಿಗೆ ಅನ್ನಿಸಿರಬಹುದು. ನಿದ್ದೆಯ ಮಾತು ಬಂದರೆ ಎಲ್ಲರೂ ಮೊದಲು ಬೆರಳು ತೋರಿಸುವುದು ಅದರ ಕಡೆಗೆ, ತಪ್ಪೇನಿಲ್ಲ. ಪರದೆಯ ನೀಲಿ ಬೆಳಕು ದೇಹದ ಗಡಿಯಾರಕ್ಕೆ ‘ಇನ್ನೂ ಹಗಲು’ ಎನ್ನುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಂದು ಮುಗಿಯುತ್ತಿದ್ದಂತೆ ಇನ್ನೊಂದು ತಾನಾಗಿ ಓಡುವ ರೀಲ್ಸ್, ರಾತ್ರಿ ಹನ್ನೆರಡಕ್ಕೂ ಮಿನುಗುವ ವಾಟ್ಸ್ಆ್ಯಪ್ ಗುಂಪುಗಳು, ಏಳೂವರೆಗೆ ಆರಂಭವಾಗಿ ಹನ್ನೊಂದೂವರೆಗೆ ಮುಗಿಯುವ ಐಪಿಎಲ್ ಪಂದ್ಯಗಳು ನಿದ್ದೆಯನ್ನು ಮುಂದೂಡುತ್ತವೆ. ನಿಮ್ಹಾನ್ಸ್ ಸಂಸ್ಥೆ 2014ರಷ್ಟು ಹಿಂದೆಯೇ ತಂತ್ರಜ್ಞಾನದ ಗೀಳಿಗೆಂದು ಪ್ರತ್ಯೇಕ ಕ್ಲಿನಿಕ್ ತೆರೆಯಬೇಕಾಯಿತು. ಆದರೂ ನನ್ನ ಅನುಭವದಲ್ಲಿ ಮೊಬೈಲು ಅರ್ಧ ಕಾರಣ ಮಾತ್ರ. ನಮ್ಮ ಹಾಸ್ಟೆಲಿನಲ್ಲಿ ಮೊಬೈಲಿಗೆ ಪ್ರವೇಶವೇ ಇರಲಿಲ್ಲ, ಮಕ್ಕಳ ಕಣ್ಣು ಕೆಂಪಾಗಿಯೇ ಇರುತ್ತಿದ್ದವು. ಮನೆಯಲ್ಲಿರುವ ಹುಡುಗನ ವಿಷಯದಲ್ಲಿಯೂ ಒಂದು ಮಾತು ಹೇಳಬೇಕು. ಬೆಳಿಗ್ಗೆ ಐದರಿಂದ ರಾತ್ರಿ ಹತ್ತರ ತನಕ ತನ್ನದೆನ್ನುವ ಒಂದೇ ಒಂದು ಗಂಟೆ ಸಿಗದವನು ಮನೆಯವರೆಲ್ಲ ಮಲಗಿದ ಮೇಲಿನ ಹೊತ್ತನ್ನು ತನ್ನದಾಗಿಸಿಕೊಳ್ಳುತ್ತಾನೆ; ಅದನ್ನು ಅವನು ತೆಗೆಯುವುದು ನಿದ್ದೆಯ ಖಾತೆಯಿಂದ, ಏಕೆಂದರೆ ಅವನ ಕೈಗೆ ಸಿಗುವ ಖಾತೆ ಅದೊಂದೇ. ಹತ್ತೂವರೆಯ ತನಕ ಧಾರಾವಾಹಿ ನೋಡುವ, ಹಾಸಿಗೆಯಲ್ಲಿ ಫೋನ್ ಹಿಡಿದೇ ಮಲಗುವ ಅಪ್ಪ ಅಮ್ಮ ಅವನಿಗೆ ಬುದ್ಧಿ ಹೇಳಿದರೆ ಅವನು ಕೇಳುವನೆಂಬ ಭರವಸೆ ನನಗಿಲ್ಲ.

ನಿದ್ದೆಯನ್ನು ಓಡಿಸಲು ಮಕ್ಕಳು ಹಿಡಿದಿರುವ ಇನ್ನೊಂದು ದಾರಿ ಕಾಫಿ. ಎಚ್ಚರವಿದ್ದಷ್ಟು ಹೊತ್ತು ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತಾ ಹೋಗಿ ನಿದ್ದೆ ಬರಿಸುತ್ತದೆ; ಕೆಫೀನು ಅದರ ಜಾಗದಲ್ಲಿ ಕುಳಿತು ಅದು ಹೇಳುವುದು ಕೇಳದಂತೆ ಮಾಡುತ್ತದೆಯೇ ಹೊರತು ದಣಿವನ್ನು ಕಳೆಯುವುದಿಲ್ಲ. ರಾತ್ರಿ ಒಂಬತ್ತಕ್ಕೆ ಕುಡಿದದ್ದರಲ್ಲಿ ಅರ್ಧ ಭಾಗ ಎರಡು ಗಂಟೆಯ ಹೊತ್ತಿಗೂ ದೇಹದಲ್ಲಿರುತ್ತದೆ. ನಮ್ಮ ಹುಡುಗರು ಕಾಫಿ ಪುಡಿಯ ಸ್ಯಾಶೆಯನ್ನು ತಣ್ಣೀರಿಗೆ ಸುರಿದು ಗಟಗಟ ಕುಡಿಯುತ್ತಿದ್ದರು. ಈಗ ಅಂಗಡಿಯಲ್ಲಿ ಎನರ್ಜಿ ಡ್ರಿಂಕ್ ಡಬ್ಬಿಗಳು ಸಿಗುತ್ತವೆ, ‘ಮಕ್ಕಳಿಗೆ ಸೂಕ್ತವಲ್ಲ’ ಎಂಬ ಸಾಲು ಅದರ ಮೇಲೆಯೇ ಚಿಕ್ಕ ಅಕ್ಷರದಲ್ಲಿದೆ.

ವಾರವಿಡೀ ಆದ ಕೊರತೆಯನ್ನು ಮನೆಯ ಮಕ್ಕಳು ಭಾನುವಾರ ಹನ್ನೊಂದರ ತನಕ ಮಲಗಿ ತೀರಿಸಲು ನೋಡುತ್ತಾರೆ. ಸಾಲದ ಒಂದು ಪಾಲು ತೀರುತ್ತದೆ, ಆದರೆ ದೇಹದ ಗಡಿಯಾರ ಮತ್ತಷ್ಟು ಹಿಂದೆ ಬಿದ್ದು ಸೋಮವಾರದ ಬೆಳಗು ಇನ್ನೂ ಕಠಿಣವಾಗುತ್ತದೆ. ದುಬೈಯ ಸಮಯ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಪ್ರತಿ ಶನಿವಾರ ದುಬೈಗೆ ಹಾರಿ ಸೋಮವಾರ ಮುಂಜಾನೆ ಊರಿಗೆ ಬಂದಿಳಿದು ನೇರ ತರಗತಿಗೆ ಹೋದರೆ ಹೇಗಿರುತ್ತದೋ, ಇದೂ ಹೆಚ್ಚುಕಡಿಮೆ ಹಾಗೆಯೇ. ಗಲ್ಫಿನಿಂದ ರಜೆಗೆ ಬರುವ ನಮ್ಮ ಕಡೆಯವರಿಗೆ ಈ ಹೋಲಿಕೆ ಬಿಡಿಸಿ ಹೇಳಬೇಕಿಲ್ಲ.

ಬೇರೆಡೆ ಈ ವಿಷಯ ಮಕ್ಕಳ ತಜ್ಞರ ಸಲಹೆಯ ಹಂತ ದಾಟಿ ಕಾನೂನಿನ ಹಂತಕ್ಕೆ ಬಂದಿದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿಯೇ ಪ್ರೌಢಶಾಲೆಗಳು 8.30ಕ್ಕಿಂತ ಮೊದಲು ಆರಂಭವಾಗಬಾರದೆಂದು ಹೇಳಿತು. ಸಿಯಾಟಲ್ ನಗರ 2016ರಲ್ಲಿ ತನ್ನ ಪ್ರೌಢಶಾಲೆಗಳ ಸಮಯವನ್ನು 7.50ರಿಂದ 8.45ಕ್ಕೆ ಸರಿಸಿದಾಗ, ಮಕ್ಕಳು ಇನ್ನಷ್ಟು ತಡವಾಗಿ ಮಲಗುತ್ತಾರೆ ಅಷ್ಟೇ ಎಂಬ ಆಕ್ಷೇಪ ಅಲ್ಲಿಯೂ ಬಂದಿತ್ತು. ಮಣಿಕಟ್ಟಿಗೆ ಯಂತ್ರ ಕಟ್ಟಿ ಅಳೆದಾಗ ಮಕ್ಕಳ ನಿದ್ದೆ ದಿನಕ್ಕೆ 34 ನಿಮಿಷ ಹೆಚ್ಚಾಗಿತ್ತು. ಕ್ಯಾಲಿಫೋರ್ನಿಯಾ 2019ರಲ್ಲಿ ಶಾಲೆ ತಡವಾಗಿ ಆರಂಭಿಸುವ ಕಾಯ್ದೆ ಮಾಡಿ 2022ರ ಜುಲೈಯಿಂದ ಜಾರಿಗೆ ತಂದಿತು. ನಮ್ಮ ನೆರೆಯ ಮಹಾರಾಷ್ಟ್ರ 2024ರ ಫೆಬ್ರುವರಿಯಲ್ಲಿ ನಾಲ್ಕನೆಯ ತರಗತಿಯ ತನಕದ ಶಾಲೆಗಳು ಬೆಳಿಗ್ಗೆ 9ಕ್ಕಿಂತ ಮೊದಲು ಆರಂಭವಾಗಬಾರದೆಂದು ಆದೇಶಿಸಿತು. ಚಿಕ್ಕ ಮಕ್ಕಳಿಗೆ ಸಿಕ್ಕ ಈ ಕಾಳಜಿ ಗಡಿಯಾರ ತಡವಾಗಿರುವ ದೊಡ್ಡ ಮಕ್ಕಳಿಗೆ ಸಿಗಲಿಲ್ಲ. ನಮ್ಮಲ್ಲಿಯೂ 2023ರಲ್ಲಿ ಹೈಕೋರ್ಟ್ ಸೂಚನೆಯ ಮೇರೆಗೆ ಬೆಂಗಳೂರಿನ ಶಾಲೆಗಳ ಸಮಯ ಬದಲಾವಣೆಯ ಚರ್ಚೆ ನಡೆಯಿತು. ಆದರೆ ಅದು ರಸ್ತೆಯ ವಾಹನ ದಟ್ಟಣೆಗಾಗಿ ನಡೆದ ಚರ್ಚೆ. ಒಂದೇ ಬಸ್ಸು ಎರಡು ಟ್ರಿಪ್ ಮಾಡಬೇಕು, ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೊರಡಬೇಕು ಎಂಬ ಕಷ್ಟಗಳು ನಿಜವಾದವು, ನಗರದ ಶಾಲೆಗಳ ಸಮಯವನ್ನು ಒಂದು ಸುತ್ತೋಲೆಯಿಂದ ಬದಲಿಸಿಬಿಡಬಹುದೆಂದು ನಾನು ಹೇಳಲಾರೆ.

ವಸತಿ ಕಾಲೇಜುಗಳಿಗೆ ಮಾತ್ರ ಈ ಯಾವ ನೆಪವೂ ಇಲ್ಲ. ಅಲ್ಲಿ ಬಸ್ಸಿಲ್ಲ, ಟ್ರಾಫಿಕ್ಕಿಲ್ಲ. ಹಾಸಿಗೆಗೂ ತರಗತಿಗೂ ಇರುವ ದೂರ ಎರಡು ಮಹಡಿ ಮೆಟ್ಟಿಲು. ಪರೀಕ್ಷೆಗಳೂ ಆ ಹೊತ್ತಿಗೆ ನಡೆಯುವುದಿಲ್ಲ. ದ್ವಿತೀಯ ಪಿಯುಸಿಯದ್ದು ಹತ್ತಕ್ಕೆ, ನೀಟ್ ಮಧ್ಯಾಹ್ನ ಎರಡಕ್ಕೆ. ನಿದ್ದೆಗೆಟ್ಟ ಮಕ್ಕಳ ಕಣ್ಣು ಮುಚ್ಚುವುದು ಸರಿಯಾಗಿ ಆ ಮಧ್ಯಾಹ್ನದ ಹೊತ್ತಿಗೆ.

ಈ ವಾದವನ್ನು ಆಡಳಿತ ಮಂಡಳಿಯ ಮುಂದೆ ಇಟ್ಟಾಗ ಮೊದಲು ನಕ್ಕರು. ಆದರೆ ಒಂದು ಮಳೆಗಾಲದಲ್ಲಿ ಬೆಳಗಿನ ಜಾವ ಕರೆಂಟು ಪದೇ ಪದೇ ಕೈಕೊಟ್ಟು ಜನರೇಟರ್ ಓಡಿಸಬೇಕಾಗಿ ಬಂದು, ಗಂಟೆಯನ್ನು 5.45ಕ್ಕೆ ಸರಿಸಲು ಒಪ್ಪಿದರು. ನನ್ನ ಜೀವಶಾಸ್ತ್ರಕ್ಕಿಂತ ಡೀಸೆಲಿನ ಲೆಕ್ಕ ಹೆಚ್ಚು ಕೆಲಸ ಮಾಡಿತು. ಜೂನ್‌ನಿಂದ ಸೆಪ್ಟೆಂಬರ್ ತನಕ ಹಾಗೆ ನಡೆಯಿತು. ಅದೇನೂ ಶಾಸ್ತ್ರೀಯ ಪ್ರಯೋಗವಲ್ಲ, ಅಂಕಗಳು ಏರಿದವೆಂದು ನಾನು ಹೇಳುವುದಿಲ್ಲ. ಇಳಿಯಲಿಲ್ಲ ಎಂಬುದು ಖಚಿತ. ನಾನು ಮುಖಕ್ಕೆ ನೀರು ಚಿಮುಕಿಸುವುದು ನಿಂತಿತು, ಬಕೆಟ್ಟುಗಳು ಸ್ನಾನದ ಮನೆಗೆ ಮರಳಿದವು, ನೋಟ್ ಪುಸ್ತಕಗಳ ಬಾಲಗಳು ಗಣನೀಯವಾಗಿ ಕಡಿಮೆಯಾದವು. ಅಕ್ಟೋಬರ್‌ನಲ್ಲಿ ಗಂಟೆ ಮತ್ತೆ ಹಳೆಯ ಸಮಯಕ್ಕೆ ಬಂತು. ಅದಕ್ಕೆ ಆಡಳಿತ ಮಂಡಳಿಯನ್ನು ದೂರುವುದು ಪೂರ್ತಿ ನ್ಯಾಯವಲ್ಲ, ಏಕೆಂದರೆ ದೂರು ಬಂದದ್ದು ಪೋಷಕರಿಂದ. ‘ಪಕ್ಕದ ಕಾಲೇಜಿನಲ್ಲಿ ನಾಲ್ಕೂವರೆಗೆ ಎಬ್ಬಿಸುತ್ತಾರಂತೆ, ಇಷ್ಟು ಫೀಸು ಕೊಟ್ಟು ನಮ್ಮ ಮಗ ಆರರ ತನಕ ಮಲಗುವುದಾದರೆ ಮನೆಯಲ್ಲೇ ಮಲಗಬಹುದಿತ್ತಲ್ಲ’ ಎಂದು ಒಬ್ಬರು ಕಚೇರಿಯಲ್ಲಿ ಮೇಜು ಗುದ್ದಿ ಕೇಳಿದ್ದು ನನಗೆ ಈಗಲೂ ನೆನಪಿದೆ. ದಾಖಲಾತಿಯ ದಿನ ಅಪ್ಪಂದಿರು ಕೇಳುವ ಮೊದಲ ಮೂರು ಪ್ರಶ್ನೆಗಳಲ್ಲಿ ‘ಬೆಳಿಗ್ಗೆ ಎಷ್ಟು ಗಂಟೆಗೆ ಎಬ್ಬಿಸ್ತೀರಿ’ ಎಂಬುದು ಒಂದು. ಉತ್ತರ ಎಷ್ಟು ಮುಂಚೆಯೋ ಕಾಲೇಜು ಅಷ್ಟು ಒಳ್ಳೆಯದು. ಒಂದು ಕಾಲೇಜು ತಾನೊಂದೇ ಗಂಟೆಯನ್ನು ತಡವಾಗಿ ಹೊಡೆದರೆ ಸೀಟು ಕಳೆದುಕೊಳ್ಳುತ್ತದೆ. ಆದ್ದರಿಂದಲೇ ಎಲ್ಲರಿಗೂ ಅನ್ವಯವಾಗುವ ನಿಯಮ ಸರ್ಕಾರದಿಂದ ಬರಬೇಕು.

ನನ್ನ ಬೇಡಿಕೆ ದೊಡ್ಡದಲ್ಲ. ಹಾಸ್ಟೆಲಿನಲ್ಲಿ ಇಷ್ಟು ಮಕ್ಕಳಿಗೆ ಇಷ್ಟು ಶೌಚಾಲಯ, ಇಷ್ಟು ಕುಡಿಯುವ ನೀರು ಎಂದು ಕೇಳುವ ಅಧಿಕಾರಿಗಳು ದೀಪ ಆರಿಸುವ ಹೊತ್ತಿಗೂ ಎಬ್ಬಿಸುವ ಹೊತ್ತಿಗೂ ನಡುವೆ ಎಂಟು ಗಂಟೆಯ ಅಂತರವಿದೆಯೇ ಎಂಬುದನ್ನೂ ಕೇಳಲಿ. 10.15ಕ್ಕೆ ದೀಪ ಆರಿಸಿ 6.15ಕ್ಕೆ ಗಂಟೆ ಹೊಡೆದರೆ ಎಂಟು ಗಂಟೆಯಾಯಿತು. ಪರೀಕ್ಷಾ ತಿಂಗಳಿಗೂ ಈ ನಿಯಮ ಅನ್ವಯವಾಗಲಿ, ಏಕೆಂದರೆ ಅಗತ್ಯ ಹೆಚ್ಚಿರುವುದು ಆಗಲೇ. ದಿನಚರಿಯ ಪ್ರತಿಯನ್ನು ಇಲಾಖೆಗೆ ಸಲ್ಲಿಸುವುದು ಕಡ್ಡಾಯವಾಗಲಿ, ತನಿಖೆಗೆ ಬರುವವರು ಮಧ್ಯಾಹ್ನದ ಊಟದ ಹೊತ್ತಿಗೆ ಬರುವ ಬದಲು ಒಮ್ಮೆಯಾದರೂ ಬೆಳಿಗ್ಗೆ ಐದಕ್ಕೆ ಬರಲಿ. ಬೆಳಗಿನ ಜಾವ ಫೋನ್ ಮಾಡುವ ಎಸ್ಸೆಸ್ಸೆಲ್ಸಿ ಶಿಕ್ಷಕರು ಅದೇ ಫೋನನ್ನು ರಾತ್ರಿ ಹತ್ತಕ್ಕೆ ಮಾಡಿ ‘ಪುಸ್ತಕ ಮುಚ್ಚು, ಮಲಗು’ ಎನ್ನಲಿ. ಅವರಿಗೂ ಬೆಳಿಗ್ಗೆ ಒಂದು ಗಂಟೆ ಹೆಚ್ಚು ನಿದ್ದೆ ಸಿಗುತ್ತದೆ.

ತಮ್ಮ ಪತ್ರಿಕೆಗೂ ಒಂದು ವಿನಂತಿಯಿದೆ. ಫಲಿತಾಂಶದ ಮರುದಿನ ರ‍್ಯಾಂಕ್ ಬಂದ ಮಕ್ಕಳ ಬಾಯಿಗೆ ಅಪ್ಪ ಅಮ್ಮ ಸಿಹಿ ತಿನ್ನಿಸುವ ಚಿತ್ರದ ಕೆಳಗೆ ‘ದಿನಕ್ಕೆ ಹದಿನಾಲ್ಕು ಗಂಟೆ ಓದುತ್ತಿದ್ದೆ’ ಎಂಬ ಸಾಲು ಇರುತ್ತದೆ. ಅದನ್ನು ಓದಿದ ಸಾವಿರಾರು ಮನೆಗಳಲ್ಲಿ ಅಂದಿನಿಂದ ಅಲಾರಂ ಅರ್ಧ ಗಂಟೆ ಬೇಗ ಹೊಡೆಯುತ್ತದೆ. ಮುಂದಿನ ಸಲ ತಮ್ಮ ವರದಿಗಾರರು ಆ ಮಕ್ಕಳನ್ನು ‘ಎಷ್ಟು ಹೊತ್ತು ಮಲಗುತ್ತಿದ್ದೆ’ ಎಂದೂ ಕೇಳಲಿ, ಬಂದ ಉತ್ತರ ಏನೇ ಇದ್ದರೂ ಅದನ್ನು ಓದಿನ ಗಂಟೆಗಳ ಪಕ್ಕದಲ್ಲಿಯೇ ಅಚ್ಚು ಮಾಡಲಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ,
ಉಡುಪಿ ಜಿಲ್ಲೆ